ಆಕಾಶ್ ಚೌಕಿಯ ಕೊನೆಯ ಕಂತು

ಇದು ನಡೆದದ್ದು ಹೌದೋ ಅಲ್ಲವೋ ನನಗೆ ಖಚಿತವಿಲ್ಲ. ಮೊದಲೇ ಹೇಳಿಬಿಟ್ಟರೆ ನಿಮಗೂ ಹಗುರ, ನನಗೂ ಹಗುರ. ಒಂದಷ್ಟು ನಾನು ಕಣ್ಣಾರೆ ಕಂಡದ್ದು, ಒಂದಷ್ಟು ಕಂಡೆನೆಂದುಕೊಂಡದ್ದು, ಇನ್ನೊಂದಷ್ಟು ಯಾರೋ ಹೇಳಿದ್ದನ್ನು ನಾನೇ ಕಂಡೆನೆಂದು ಎಷ್ಟೋ ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ್ದು. ನಾನು ಭೌತಶಾಸ್ತ್ರ ಓದಿದವನು. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಈಗಲೂ ಕೈಯಲ್ಲಿರುವುದು ಒಂದೇ: ಯಾವ ಅಳತೆ ಬರೆದರೂ ಅದರ ಪಕ್ಕದಲ್ಲಿ ಎಷ್ಟು ತಪ್ಪಿರಬಹುದೆಂಬ ಅಂದಾಜನ್ನೂ ಬರೆಯಬೇಕು. ನೆನಪಿನ ಪಕ್ಕದಲ್ಲಿ ಅದನ್ನು ಬರೆಯುವುದು ಹೇಗೆಂದು ಯಾವ ಪ್ರೊಫೆಸರರೂ ಹೇಳಿಕೊಡಲಿಲ್ಲ.

ಈ ಸಲ ಎಲ್ಲಕ್ಕೂ ಕಾರಣವಾದದ್ದು ಅಡುಗೆಮನೆಯ ಚಿಮಣಿಯ ಪೈಪು. ಪುಣೆಯ ಖರಾಡಿಯಲ್ಲಿರುವ ನಮ್ಮ ಫ್ಲ್ಯಾಟಿಗೆ ರಿಪೇರಿಗೆ ಬಂದವನು ಹೊಸ ಪೈಪು ಜೋಡಿಸಿ ಹಳೆಯದನ್ನು ಬಾಲ್ಕನಿಯಲ್ಲೇ ಬಿಟ್ಟುಹೋದ. ಬೆಳ್ಳಿ ಬಣ್ಣದ, ಮಡಿಕೆ ಮಡಿಕೆಯಾದ, ಎಳೆದರೆ ಉದ್ದವಾಗಿ ಒತ್ತಿದರೆ ಗಿಡ್ಡವಾಗುವ ಪೈಪು. ಒಂದು ಕಡೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಫೋನಿನಲ್ಲಿ ಮಾತಾಡುವಾಗಲೂ ಬಾಲ್ಕನಿಯಿಂದ ಅಡುಗೆಮನೆ, ಅಡುಗೆಮನೆಯಿಂದ ಬಾಲ್ಕನಿ ಎಂದು ನೆಲದ ಫರಶಿ ಸವೆಸುತ್ತಿರುತ್ತೇನೆ. ಹಾಗೆ ಸವೆಸುತ್ತಿದ್ದಾಗ ಆ ಪೈಪನ್ನು ಎತ್ತಿಕೊಂಡು ಒಳಗೆ ಕೈ ತೂರಿಸಿದೆ. ಭುಜದವರೆಗೂ ಬೆಳ್ಳಿಯ ತೋಳಾಯಿತು. ತುದಿಯಲ್ಲಿ ಬೆರಳಾಡಿಸಿದೆ. ಬಾಯಿಂದ ತಾನಾಗಿಯೇ ಮಾತು ಬಂತು: "ನನಗ ಬ್ಯಾಸರ ಬರಂಗಿಲ್ರಿ. ನಾ ಯಂತ್ರ ಇದ್ದೀನಿ."

ಹೆಂಡತಿ ಒಗ್ಗರಣೆಯ ಮುಂದಿನಿಂದಲೇ ಕೇಳಿದಳು. "ಯಾರ ಜೋಡಿ ಮಾತಾಡ್ಲಿಕತ್ತೀರಿ?"

"ಯಾರ ಜೋಡೀನೂ ಅಲ್ಲ. ಧಾತು ಹಿಂಗ ಅಂತಿದ್ದ."

"ಯಾವ ಧಾತು? ಆ ನಿಮ್ಮ ಚಂದ್ರನ ಮ್ಯಾಲಿನ ಸೀರಿಯಲ್ಲಿನಂವ? ಮೊದಲ ಆ ಪೈಪ ತಗೀರಿ, ಒಳಗ ಎಣ್ಣಿ ಜಿಡ್ಡದ."

ತೋಳು ತೆಗೆದು ನೋಡಿಕೊಂಡರೆ ಅಂಗಿಯ ಕೈ ಪೂರಾ ಕಪ್ಪಾಗಿತ್ತು. ನನ್ನ ಬಾಲ್ಯದ ನೆನಪುಗಳು ಯಾವಾಗಲೂ ಹೀಗೆಯೇ, ಏನಾದರೊಂದು ಕೊಳೆ ಮಾಡದೆ ಬಿಡುವುದಿಲ್ಲ. ಆದರೆ ಅಂಗಿಗಿಂತ ನನ್ನನ್ನು ಕಾಡಬೇಕಾದದ್ದು ಬೇರೆ ಇತ್ತು. ಧಾತು ಹಿಂದಿ ಧಾರಾವಾಹಿಯ ಯಂತ್ರಮಾನವ, ಅವನ ತೋಳೂ ಇಂಥದೇ ಪೈಪು. ಅವನು "ಬ್ಯಾಸರ ಬರಂಗಿಲ್ರಿ" ಎಂದು ವಿಜಾಪುರದ ಕಡೆಯ ಕನ್ನಡ ಮಾತಾಡಿದ್ದು ಹೇಗೆ? ಅಂದು ಆ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಸಂದೇಹವೇ ನನ್ನ ಕಸುಬೆಂದು ಹೇಳಿಕೊಳ್ಳುವವನು ನಾನು.

ಆಕಾಶ್ ಚೌಕಿ ನಿಮ್ಮಲ್ಲಿ ಯಾರಿಗಾದರೂ ನೆನಪಿದೆಯೋ ಇಲ್ಲವೋ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ, ದೇಶಕ್ಕೆಲ್ಲ ಒಂದೇ ಚಾನೆಲ್ ಇದ್ದ ಕಾಲದಲ್ಲಿ, ಭಾನುವಾರ ಬೆಳಗ್ಗೆ ಕೆಲವೇ ವಾರ ಬಂದು ನಿಂತುಹೋದ ಧಾರಾವಾಹಿ ಅದು. ಯಾವುದೋ ದೂರದ ಚಂದ್ರನ ಮೇಲೆ ಒಂದು ಕಾವಲು ಠಾಣೆ. ದಾರಿ ತಪ್ಪಿದ ಆಕಾಶನೌಕೆಗಳಿಗೆ ದೀಪ ತೋರಿಸುವುದು ಅದರ ಕೆಲಸ. ಅಲ್ಲಿ ಒಬ್ಬ ಕಮಾಂಡರ್, ಒಬ್ಬರು ಡಾಕ್ಟರಮ್ಮ, ಧಾತು ಎಂಬ ಯಂತ್ರಮಾನವ, ಮತ್ತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಭೂಮಿಯನ್ನು ಕರೆಯುತ್ತಲೇ ಇರುವ ಶಾಲಿನಿ ಎಂಬ ಹುಡುಗಿ. ಗೋಡೆಗಳು ಥರ್ಮೊಕೋಲಿನವು. ಬಾಗಿಲು ಹಾಕಿದರೆ ಇಡೀ ಚಂದ್ರ ಅಲ್ಲಾಡುತ್ತಿತ್ತು. ಆದರೂ ಆ ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡುವಾಗ ಅವರು ಮನೆಯಿಂದ ಬಹಳ ದೂರ ಇದ್ದಾರೆಂದು ನನಗೆ ಒಳಗೊಳಗೇ ಗೊತ್ತಾಗುತ್ತಿತ್ತು. ಮುಂದೆ ಕೋಟಿಗಟ್ಟಲೆ ಸುರಿದು ಮಾಡಿದ ಎಷ್ಟೋ ಆಕಾಶಯುದ್ಧಗಳನ್ನು ನೋಡಿದ್ದೇನೆ. ಅವುಗಳಲ್ಲಿ ಯಾರೂ ಮನೆಯಿಂದ ದೂರ ಇದ್ದಂತೆ ಕಾಣುವುದಿಲ್ಲ, ಆಫೀಸಿನಲ್ಲಿ ಇದ್ದಂತೆ ಕಾಣುತ್ತಾರೆ.

ಅದರ ಕೊನೆಯ ಕಂತಂತೂ ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಠಾಣೆಯಲ್ಲಿ ಗಾಳಿ ಮುಗಿಯುತ್ತಾ ಬಂದಿದೆ. ಹಿಂದೆ ದೊಡ್ಡ ಗಾಲಿಗಳಿರುವ ಒಂದು ವಾಹನ ಇದೆ, ಆದರೆ ಎಲ್ಲರೂ ಹೋದರೆ ದೀಪ ನೋಡುವವರಿಲ್ಲ. ಉಳಿಯುವ ಒಬ್ಬರಿಗೆ ಸಾಲುವಷ್ಟು ಗಾಳಿ ಇದೆ. ಶಾಲಿನಿ ಉಳಿಯುತ್ತಾಳೆ. ಉಳಿದವರು ಧೂಳೆಬ್ಬಿಸಿಕೊಂಡು ಹೋಗುತ್ತಾರೆ. ಆಮೇಲೆ ದಿನವೂ ಸಂಜೆ (ಆ ಚಂದ್ರನಲ್ಲಿ ಸಂಜೆ ಯಾವಾಗ ಎಂದು ಕೇಳಬೇಡಿ) ಅವಳು ರೇಡಿಯೊ ಮುಂದೆ ಕೂತು ವರದಿ ಒಪ್ಪಿಸುತ್ತಾಳೆ. ಇವತ್ತು ಹೊರಗೆ ಬಿರುಗಾಳಿ ಇಲ್ಲ. ದೀಪ ಉರಿಯುತ್ತಿದೆ. ಇಂಥ ಪಲ್ಯ ಮಾಡಿದೆ. ಕೇಳಿಸುತ್ತಿದೆಯೇ? ಉತ್ತರ ಬರುವುದಿಲ್ಲ. ಮರುದಿನ ಮತ್ತೆ ಹೇಳುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ನಾನು ವಿಜ್ಞಾನಕ್ಕೆ ಬಂದದ್ದು ಈ ದೃಶ್ಯದಿಂದ. ಉತ್ಪ್ರೇಕ್ಷೆಯಲ್ಲ. ಕಾಲೇಜಿನಲ್ಲಿ ಪಾಠ ಮಾಡಿದಷ್ಟೂ ವರ್ಷ ಮೊದಲ ದಿನ ನಾನು ಪುಸ್ತಕ ತೆರೆಯುತ್ತಿರಲಿಲ್ಲ, ಈ ಕಥೆ ಹೇಳುತ್ತಿದ್ದೆ. ಯಾರು ಕೇಳುತ್ತಾರೋ ಗೊತ್ತಿಲ್ಲದೆ ಸುದ್ದಿ ಕಳಿಸುವುದು, ಎಲ್ಲಿಂದ ಬಂತೋ ಗೊತ್ತಿಲ್ಲದ ಸುದ್ದಿಗೆ ಕಿವಿಗೊಡುವುದು, ನಮ್ಮ ಶಾಸ್ತ್ರ ಎಂದರೆ ಇಷ್ಟೇ ಎನ್ನುತ್ತಿದ್ದೆ. ಹಿಂದಿನ ಬೆಂಚಿನವರೂ ತಲೆಯೆತ್ತುತ್ತಿದ್ದರು. ಆಮೇಲೆ ಕಾಲೇಜು ಬಿಟ್ಟು ಖರಾಡಿಯ ಕಂಪನಿಯೊಂದರಲ್ಲಿ ಅಂಕಿಸಂಖ್ಯೆ ನೋಡುವ ಕೆಲಸಕ್ಕೆ ಸೇರಿದಾಗಲೂ ಹೊಸಬರಿಗೆ ಇದೇ ಕಥೆ.

ಧಾರಾವಾಹಿ ಬರುತ್ತಿದ್ದಾಗ ನಾವಿದ್ದದ್ದು ಪುಣೆಯ ಗುಲ್ಟೇಕಡಿಯಲ್ಲಿ, ಮಾರ್ಕೆಟ್ ಯಾರ್ಡಿನ ಬಗಲಿಗೆ. ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ, ಕಾಕಾ, ಅಂದರೆ ಚಿಕ್ಕಪ್ಪ, ಲಾರಿ ಟ್ರಾನ್ಸ್‌ಪೋರ್ಟಿನಲ್ಲಿ. ಊರ ಕಡೆಯಿಂದ ಬ್ಯಾಡಗಿ ಮೆಣಸಿನಕಾಯಿಯ ಲಾರಿಗಳು ಬಂದ ದಿನ ಇಡೀ ಓಣಿ ಸೀನುತ್ತಿತ್ತು. ಈಗಲೂ ಆಕಾಶ್ ಚೌಕಿ ಎಂದರೆ ನನಗೆ ಮೊದಲು ನೆನಪಾಗುವುದು ಸೀನು. ಧಾತು ಪ್ರಾಣಾಪಾಯದಲ್ಲಿದ್ದಾಗ ಮನೆಮಂದಿಯೆಲ್ಲ ಸಾಲಾಗಿ ಸೀನಿದ್ದು ನೆನಪಿದೆ. ಅಥವಾ ನೆನಪಿದೆ ಎಂದುಕೊಂಡಿದ್ದೇನೆ.

ಟಿವಿಗೆ ಮರದ ಕದಗಳಿದ್ದವು. ಭಾನುವಾರ ಬೆಳಗ್ಗೆ ಕಾಕಾ ಅವನ್ನು ದೇವರಮನೆಯ ಬಾಗಿಲಿನಂತೆ ಸರಿಸುತ್ತಿದ್ದ. ಎಲ್ಲರಿಗೂ ಎಲ್ಲದರ ಬಗ್ಗೆ ಅಭಿಪ್ರಾಯ ಇತ್ತು.

"ಈ ಕಮಾಂಡರ್ ನಮ್ಮ ಅಡತಿ ಅಂಗಡಿ ಮುನೀಮನಂಗ ಕಾಣತಾನ," ಎಂದು ಅಪ್ಪ. "ಬರೇ ಹುಬ್ಬ ಗಂಟ ಹಾಕೂದು, ಕೆಲಸಾ ಮಂದಿ ಕಡಿಂದ ಮಾಡಿಸೂದು."

"ಅದು ಹೋಗ್ಲಿ, ಇಷ್ಟ ನಾಕಾ ದಾಟಿ ಗಾಡಿ ಬರತಾವಲ್ಲ, ಜಕಾತಿ ಯಾರ ಕಟ್ಟತಾರ?" ಎಂದು ಕಾಕಾ. ಲಾರಿಯವನಿಗೆ ಚೌಕಿ ಎಂದರೆ ಸುಂಕ ಕಟ್ಟುವ ಜಕಾತಿ ನಾಕಾ, ಆಕಾಶದಲ್ಲಿದ್ದರೂ ಅಷ್ಟೆ.

"ಡಾಕ್ಟರಮ್ಮ ಛಲೋ ಇದ್ದಾಳ," ಎಂದು ಅವ್ವ. ಅವ್ವನಿಗೆ ಡಾಕ್ಟರರೆಲ್ಲ ಛಲೋ.

ಅಜ್ಜಿಗೆ ಮಾತ್ರ ಅಭಿಪ್ರಾಯ ಇದ್ದಂತೆ ಕಾಣಲಿಲ್ಲ. ಅಜ್ಜಿ ಇಳಕಲ್ಲಿನಾಕೆ. ಹಿಂದಿ ಒಂದಕ್ಷರ ತಿಳಿಯದು, ಮರಾಠಿ ಬರೀ ತರಕಾರಿಯವಳ ಜೊತೆ ಜಗಳಕ್ಕಾಗುವಷ್ಟು. ಒಂದು ಕಿವಿ ಮಂದ. ಚಾಪೆಯ ಮೇಲೆ ಮೊರ ಇಟ್ಟುಕೊಂಡು ಬೇಳೆ ಹಸನ ಮಾಡುತ್ತಾ ಅರ್ಧ ಕಣ್ಣು ಮುಚ್ಚಿ ಕೂರುತ್ತಿದ್ದಳು. ಅವಳ ಒಳ್ಳೆಯ ಕಿವಿಯ ಬದಿಗೆ ಕಾಕು. ಕಾಕು ಅಂದರೆ ಕಾಕಾನ ಹೆಂಡತಿ, ವಿಜಾಪುರದ ಕಡೆಯಿಂದ ಮದುವೆಯಾಗಿ ಬಂದು ಹೆಚ್ಚು ದಿನ ಆಗಿರಲಿಲ್ಲ. ಟಿವಿಯಲ್ಲಿ ನಡೆಯುವುದನ್ನೆಲ್ಲ ನಡೆಯುತ್ತಿದ್ದಂತೆಯೇ ಅಜ್ಜಿಗೆ ಕನ್ನಡದಲ್ಲಿ ಹೇಳುವುದು ಅವಳ ಪಾಲಿನ ಕೆಲಸ. ಪುಣೆಯ ಕನ್ನಡದ ಮನೆಗಳಲ್ಲಿ ಆಗ ಇದೊಂದು ನೇಮಕಾತಿಯೇ ಆಗಿತ್ತು. ಪ್ರತಿ ಮನೆಯಲ್ಲೂ ಒಬ್ಬ ಮುದುಕಿ, ಪ್ರತಿ ಮುದುಕಿಯ ಕಿವಿಗೆ ಒಬ್ಬ ಸೊಸೆಯೋ ಮೊಮ್ಮಗಳೋ.

ಕಾಕುವಿನ ಹಿಂದಿ ಏನು ದೊಡ್ಡದಿರಲಿಲ್ಲ. ಅರ್ಧ ಊಹೆ. ಆದರೆ ಹೇಳುವ ಬಗೆ ಇತ್ತಲ್ಲ! ಕಮಾಂಡರ್ ಹಿಂದಿಯಲ್ಲಿ ದೊಡ್ಡ ಭಾಷಣ ಮಾಡಿದರೆ ಕಾಕು, "ಸಿಟ್ಟಿಗೆದ್ದಾನ್ರಿ, ಉಂಡಿಲ್ಲ ಕಾಣಸ್ತದ," ಎಂದು ಮುಗಿಸುತ್ತಿದ್ದಳು. ಧಾತು ಒಂದು ಮಾತಾಡಿದರೆ ಅದಕ್ಕೆ ನಾಲ್ಕು ಸೇರಿಸುತ್ತಿದ್ದಳು. ಶಾಲಿನಿಗೆ "ಫೋನಿನಾಕಿ" ಎಂದು ಹೆಸರಿಟ್ಟಿದ್ದಳು. ನನಗೆ ಶಾಲೆಯಿಂದ ಹಿಂದಿ ತಕ್ಕಮಟ್ಟಿಗೆ ಬರುತ್ತಿದ್ದರೂ ನನ್ನ ಕಣ್ಣು ಮಾತ್ರ ಟಿವಿಯ ಕಡೆ, ಕಿವಿ ಕಾಕುವಿನ ಕಡೆ. ಪಕ್ಕದ ಮನೆಯ ಜೋಶಿ ಮಾವಶಿಗೆ ಕನ್ನಡ ಬರದು. ಆಕೆ ಕೂಡ ಒಂದು ದಿನ, "ವಹಿನಿ, ಟಿವ್ಹೀಪೇಕ್ಷಾ ತುಮಚೀಚ್ ಗೋಷ್ಟ ಛಾನ್," ಎಂದಳು. ಟಿವಿಗಿಂತ ನಿಮ್ಮ ಕಥೆಯೇ ಚೆಂದ ಎಂದು. ತಿಳಿಯದ ಕಥೆಗೆ ಕೊಟ್ಟ ಆ ಸರ್ಟಿಫಿಕೇಟಿಗೆ ಕಾಕು ಕೆಂಪಾಗಿದ್ದಳು.

ಕೆಂಪಾಗಲು ಕಾರಣ ಇತ್ತು. ಅಜ್ಜಿ ಅವಳನ್ನು ಹೊಗಳಿದ್ದು ಯಾರೂ ಕೇಳಿರಲಿಲ್ಲ. ಬೈದದ್ದೂ ಕೇಳಿರಲಿಲ್ಲ. ಅಜ್ಜಿಯದು ಎಲ್ಲಕ್ಕೂ ಒಂದೇ ಮಾತು, "ಹೂಂ." ಚಹಾ ಕೊಟ್ಟರೂ ಹೂಂ, ಕರೆಂಟು ಹೋದರೂ ಹೂಂ, ಊರಿಂದ ಸಾವಿನ ಸುದ್ದಿ ಬಂದರೂ ಹೂಂ. ಕಾಕು ಕಥೆಯ ನಡುವೆ ಬಾಗಿ, "ಕೇಳಸ್ತದೇನ್ರಿ, ಅತ್ತಿ?" ಎನ್ನುವಳು. ಬೇಳೆಯಿಂದ ಕೈ ತೆಗೆಯದೆ ಅಜ್ಜಿ, "ಹೂಂ." ಕೇಳಿಸಿದ ಹೂಂ ಯಾವುದು, ಸುಮ್ಮನಿರು ಎಂಬ ಹೂಂ ಯಾವುದು, ತೂಕಡಿಕೆಯ ಹೂಂ ಯಾವುದು, ಹೇಳುವುದು ಕಷ್ಟವಿತ್ತು.

ಪೈಪಿನ ವಿಷಯವನ್ನು ಮರುದಿನ ಆಫೀಸಿನಲ್ಲಿ ಹೇಳಿದೆ. ನಮ್ಮ ತಂಡದಲ್ಲಿ ಚೈತ್ರಾ ಎಂಬ ಹುಡುಗಿ ಇದ್ದಾಳೆ, ಮೈಸೂರಿನವಳು. ನನ್ನ ಕಥೆಗಳಿಗೆ ಸಿಕ್ಕಿಬಿದ್ದಿರುವ ಸದ್ಯದ ಶ್ರೋತೃ. ಅವಳು ನಾನು ಮಾತು ಮುಗಿಸುವುದರೊಳಗೆ ಫೋನಿನಲ್ಲಿ ಏನೋ ಹುಡುಕಿ ತೆಗೆದಳು.

"ಸರ್, ನಿಮ್ ಸೀರಿಯಲ್‌ಗೆ ಒಂದ್ ಫ್ಯಾನ್ ಪೇಜ್ ಇದೆ ನೋಡಿ. ಸೀರಿಯಸ್ಲಿ. ಜನ ರಿವ್ಯೂ ಎಲ್ಲ ಬರ್ದಿದಾರೆ."

ಇತ್ತು. ಕೆಲವೇ ವಾರ ಬದುಕಿದ ಆ ಧಾರಾವಾಹಿಯನ್ನು ಇಷ್ಟು ಜನ ಎದೆಯಲ್ಲಿ ಇಟ್ಟುಕೊಂಡಿದ್ದಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮಧ್ಯಾಹ್ನದ ಊಟ ಬಿಟ್ಟು ಓದಿದೆ. ನಾಗಪುರದವರೊಬ್ಬರು, ಧಾರಾವಾಹಿಯಲ್ಲಿ ರಾಕೆಟ್ ಎಂದು ತೋರಿಸಿದ್ದು ತಮ್ಮ ಮನೆಯಲ್ಲಿದ್ದಂಥದೇ ಥರ್ಮಾಸ್ ಫ್ಲಾಸ್ಕು, ಆಮೇಲೆ ತಾವು ಆ ಫ್ಲಾಸ್ಕಿನಲ್ಲಿ ಚಹಾ ಕುಡಿಯಲು ಒಪ್ಪಲಿಲ್ಲ ಎಂದು ಬರೆದಿದ್ದರು. ಭೋಪಾಲದ ಡಾಕ್ಟರರೊಬ್ಬರು ತಾವು ಡಾಕ್ಟರಾದದ್ದೇ ಆ ಡಾಕ್ಟರಮ್ಮನನ್ನು ನೋಡಿ ಎಂದಿದ್ದರು. ಇನ್ನೊಬ್ಬರಿಗೆ ಕಥೆ ಮಂದಗತಿ ಎನಿಸಿತ್ತು, ಮತ್ತೊಬ್ಬರಿಗೆ ಆ ಮಂದಗತಿಯೇ ಅದರ ಜೀವ. ಎಷ್ಟು ಕಂತು ಬಂತೆಂಬುದರಲ್ಲಿ ಇಬ್ಬರಿಗೆ ಒಮ್ಮತವಿರಲಿಲ್ಲ. ಧಾತುವಿನ ತೋಳು ಚಿಮಣಿಯ ಪೈಪೋ ಪೆಟ್ರೋಲ್ ಪಂಪಿನ ಪೈಪೋ ಎಂಬುದರ ಮೇಲೆ ಒಂದು ದೀರ್ಘ ಯುದ್ಧ ನಡೆದಿತ್ತು. ಓದುತ್ತಾ ಓದುತ್ತಾ, ಪರಿಚಯವೇ ಇಲ್ಲದ ಇವರೆಲ್ಲ ಒಂದು ಕಾಲದಲ್ಲಿ ಒಂದೇ ಹೊತ್ತಿಗೆ ನನ್ನಂತೆಯೇ ನೆಲದ ಮೇಲೆ ಕೂತು ಕತ್ತೆತ್ತಿ ನೋಡಿದವರು ಎನಿಸಿತು.

ಆ ಉಮೇದಿನಲ್ಲಿ ನಾನೂ ಬರೆದೆ. ಕೊನೆಯ ಕಂತಿನ ಬಗ್ಗೆ ಯಾರೂ ಬರೆದಿರಲಿಲ್ಲವಾದ್ದರಿಂದ ವಿವರವಾಗಿಯೇ ಬರೆದೆ. ಶಾಲಿನಿ, ದೀಪ, ದೊಡ್ಡ ಹಿಂದಿನ ಗಾಲಿಗಳ ವಾಹನ, ಉತ್ತರವಿಲ್ಲದ ರೇಡಿಯೊ. ಭಾರತೀಯ ದೂರದರ್ಶನದಲ್ಲಿ ಬಂದ ಅತ್ಯುತ್ತಮ ಅಂತ್ಯ ಇದು ಎಂದೂ ಸೇರಿಸಿದೆ.

ಸಂಜೆಯೊಳಗೆ ಉತ್ತರಗಳು ಬಂದವು. ಮೊದಲನೆಯದು ವಿನಯವಾಗಿತ್ತು: ತಾವು ಬೇರೆ ಯಾವುದೋ ಧಾರಾವಾಹಿಯ ಜೊತೆ ಬೆರೆಸುತ್ತಿರಬಹುದು. ಎರಡನೆಯದು ಅಷ್ಟು ವಿನಯವಾಗಿರಲಿಲ್ಲ: ವಾಹನ? ಅವರಿಗೆ ಬಾಗಿಲಿನ ಹಿಡಿಕೆ ತರಲು ಗತಿಯಿರಲಿಲ್ಲ, ವಾಹನ ಎಲ್ಲಿಂದ ತಂದಾರು? ಒಬ್ಬರ ಬಳಿ ಮನೆಯಲ್ಲಿ ಮುದ್ರಿಸಿಕೊಂಡ ಹಳೆಯ ವೀಡಿಯೊ ಕ್ಯಾಸೆಟ್ ಇತ್ತು. ಕೊನೆಗೆ ಪ್ರಸಾರವಾದ ಕಂತಿನಲ್ಲಿ ಠಾಣೆಯ ಬಾಗಿಲನ್ನು ಹೊರಗಿನಿಂದ ಯಾರೋ ಬಡಿಯುತ್ತಾರೆ, ಎಲ್ಲರೂ ತಿರುಗಿ ನೋಡುತ್ತಾರೆ, ಅಷ್ಟೆ. ಮುಂದಿನ ವಾರ ಏನೂ ಇಲ್ಲ. ಅಂತ್ಯವೇ ಇಲ್ಲದ ಧಾರಾವಾಹಿಯ ಅಂತ್ಯವನ್ನು ಯಾರೋ ಪುಣೆಯವರು ನೋಡಿದ್ದಾರಂತೆ ಎಂದು ಒಬ್ಬರು ನಗುವ ಮುಖ ಹಾಕಿದ್ದರು.

"ಪರ್ವಾಗಿಲ್ಲ ಬಿಡಿ ಸರ್," ಎಂದಳು ಚೈತ್ರಾ. "ನಮ್ ಮೆಮೊರಿ ಹಂಗೆ ಮಾಡುತ್ತೆ. ನೀವೇ ಹೇಳ್ತಿರ್ತೀರಲ್ಲ, ಡೇಟಾ ಚೆಕ್ ಮಾಡ್ದೆ ನಂಬ್ಬಾರ್ದು ಅಂತ."

ಮನೆಗೆ ಬಂದು ಹೇಳಿದರೆ ಹೆಂಡತಿ ಇನ್ನೂ ಹರಿತವಾಗಿ ಹೇಳಿದಳು. "ಮದವಿಗಿಂತ ಮೊದಲ ನೀವು ನನಗ ಹೇಳಿದ್ದರಾಗ ಛಲೋ ಅನಿಸಿದ್ದ ಅದೊಂದ. ಅದೂ ಖೊಟ್ಟಿ ಏನು? ಹಂಗಾರ ನಾ ಯಾತಕ್ಕ ಹೂಂ ಅಂದೆ?"

ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಆ ದೃಶ್ಯ ಸುಳ್ಳಾದರೆ ನಾನು ವರ್ಷಗಟ್ಟಲೆ ತರಗತಿಯಲ್ಲಿ ಸಾಕ್ಷಿ ಹೇಳಿದ್ದು ಯಾವುದಕ್ಕೆ? ಮನಸ್ಸು ಅದನ್ನು ಎಲ್ಲಿಂದ ತಂದಿತು? ಆ ವಾಹನದ ಹಿಂದಿನ ಗಾಲಿಯ ಮೇಲಿನ ಕೆಸರು ಕೂಡ ನನಗೆ ಕಾಣುತ್ತಿತ್ತು. ಕೆಸರು. ನೀರಿಲ್ಲದ ಚಂದ್ರನ ಮೇಲೆ. ಅಡುಗೆಮನೆಯಿಂದ ಬಾಲ್ಕನಿಗೆ ನಡೆಯುತ್ತಿದ್ದವನು ಅಲ್ಲೇ ನಿಂತೆ. ಆಮೇಲೆ ಇನ್ನೊಂದು ಹೊಳೆಯಿತು. ಶಾಲಿನಿ ಮಾಡಿದ ಪಲ್ಯ ಯಾವುದು? ಪುಂಡಿಪಲ್ಯ. ಸಂಶಯವೇ ಇಲ್ಲ, "ಇವತ್ತ ಪುಂಡಿಪಲ್ಯ ಮಾಡೀನಿ" ಎಂದೇ ಅವಳು ರೇಡಿಯೊದಲ್ಲಿ ಹೇಳಿದ್ದು. ಹಿಂದಿಯ ಯಾವ ಲೇಖಕ ನಮ್ಮ ಕಡೆಯ ಪುಂಡಿಪಲ್ಯ ಬರೆದಾನು?

ಆ ಭಾನುವಾರ ಲೋಕಲ್ ರೈಲು ಹಿಡಿದು ದೇಹೂ ರೋಡಿಗೆ ಹೋದೆ. ಕಾಕಾ ತೀರಿಕೊಂಡ ಮೇಲೆ ಕಾಕು ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಅಳಿಯ ಮಿಲಿಟರಿ ಡಿಪೋದಲ್ಲಿ ಕ್ಲಾರ್ಕ್. ವಯಸ್ಸಾದರೂ ಕಾಕುವಿನ ಬಾಯಿ, ಮೊಳಕಾಲು ಎರಡೂ ಗಟ್ಟಿ. ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ಬಾರೋ ಪದ್ದು. ಹಾದಿ ತಪ್ಪಿ ಬಂದಿ?"

"ನಿನ್ನ ಒಂದ ಮಾತ ಕೇಳಬೇಕಿತ್ತು. ಆಕಾಶ್ ಚೌಕಿ ನೆನಪದ ನಿನಗ?"

"ನೆನಪಿಲ್ದ ಏನು. ಧಾತು. ಆ ಕಮಾಂಡರ, ಹಸದ ಮಾರಿಯಂವ. ಫೋನಿನಾಕಿ."

"ಕಡೀಕ ಏನಾತು ಅದರಾಗ?"

"ಕಡೀಕ ಎಲ್ಲಿ ಬಂತೋ? ಬಾಗಲಾ ಬಡದರು, ಬಂದ್ ಆತು. ಮುಂದಿನ ಐತವಾರ ಹಚ್ಚಿದ್ರ ಒಕ್ಕಲತನದ ಕಾರ್ಯಕ್ರಮ. ಗೊಬ್ಬರ ಹೆಂಗ ಹಾಕಬೇಕು, ಬೀಜ ಹೆಂಗ ಊರಬೇಕು."

"ಮತ್ತ ಫೋನಿನಾಕಿ ಒಬ್ಬಾಕೀನ ಉಳದದ್ದು?"

"ಅದು ನಾ ಹೇಳಿದ್ದು," ಎಂದಳು ಕಾಕು, ಸಾರಿಗೆ ಉಪ್ಪು ಹಾಕಿದ್ದು ನಾನು ಎನ್ನುವಂತೆ.

ಅವಳೇ ಮುಂದುವರಿಸಿದಳು. "ಅತ್ತಿ ತನ್ನ ಚಾಪಿ ಹಾಸಿಕೊಂಡ ಕೂತಬಿಟ್ಟಿದ್ರು. ಮೊರ ಮುಂದ ಇಟಗೊಂಡು, ಕಿವಿ ನನ್ನ ಕಡೆ ಮಾಡಿ. ಸರಕಾರದವ್ರು ಕಥಿ ಬಂದ್ ಮಾಡ್ಯಾರ ಅಂತ ಹೆಂಗ ಹೇಳಲಿ? ಹೂಂ ಅಂತ ಎದ್ದ ಹೋಗತಿದ್ರು. ವಾರದಾಗ ಅವರು ನನ್ನ ಬಾಜೂಕ ಕೂಡೂದ ಅದೊಂದ ಹೊತ್ತೋ ಪದ್ದು. ಉಳದ ಹೊತ್ತು ಅವರ ಕಡೆ ಅವರು, ಒಲೀ ಕಡೆ ನಾನು. ಅದಕ್ಕ ಹೇಳೇ ಬಿಟ್ಟೆ. ಟಿವ್ಯಾಗ ಗೊಬ್ಬರ ನಡದಿತ್ತು, ನಾ ಚಂದ್ರನ ಮ್ಯಾಲಿಂದ ಹೇಳಕೋತ ಹ್ವಾದೆ. ಮಂದೀನ ಅಲ್ಲಿಂದ ಹೆಂಗ ಕಳಸೂದು ಅಂತ ತಿಳೀಲಿಲ್ಲ. ಅಷ್ಟರಾಗ ಟಿವ್ಯಾಗ ಒಂದು ಟ್ರ್ಯಾಕ್ಟರ್ ಬಂತು. ಅದರಾಗ ಹತ್ತಿಸಿ ಕಳಸಿದೆ."

ನನ್ನ ದೊಡ್ಡ ಗಾಲಿಗಳ ವಾಹನ. ಕೆಸರು ಸಹಿತ. ನಾನು ಎಷ್ಟು ನಕ್ಕೆನೆಂದರೆ ಒಳಗಿನಿಂದ ಕಾಕುವಿನ ಮಗಳು ಏನಾಯಿತೆಂದು ಬಂದು ನೋಡಿದಳು. ನನ್ನ ವಿಜ್ಞಾನದ ಅಡಿಗಲ್ಲು ಒಂದು ಸರಕಾರಿ ಟ್ರ್ಯಾಕ್ಟರು. ವಿಚಿತ್ರವೆಂದರೆ ನನಗೆ ಮೋಸಹೋದಂತೆ ಅನಿಸಲಿಲ್ಲ. ಗೊಬ್ಬರದ ಪಾಠ ನಡೆಯುವಾಗ, ಮೊಳದುದ್ದದ ಹಿಂದಿಯೂ ಇಲ್ಲದ ಹೊಸ ಸೊಸೆಯೊಬ್ಬಳು ನಡುವೆ ಕಡಿದುಹೋದ ಕಥೆಯನ್ನು ಎತ್ತಿಕೊಂಡು, ಇಡೀ ದೇಶ ಅರ್ಧಕ್ಕೆ ಬಿಟ್ಟ ನಾಲ್ವರನ್ನು ಸುರಕ್ಷಿತವಾಗಿ ದಡ ಸೇರಿಸಿದ್ದಳು. ಒಬ್ಬಳ ಹೊರತು.

ಕಾಕು ನಗಲಿಲ್ಲ. ಬಿಡಿಸಿದ ಸೊಪ್ಪನ್ನು ಒಟ್ಟುಗೂಡಿಸುತ್ತಾ ಕೇಳಿದಳು. "ಅತ್ತ್ಯಾರಿಗೆ ಕೇಳಸ್ತಿತ್ತೇನೋ?"

"ಏನು?"

"ನಾ ಹೇಳಿದ್ದು. ಅಷ್ಟ ವರ್ಷ ಹೇಳಿದೆ. ಆಮ್ಯಾಲೆ ಬಂದ ಸೀರಿಯಲ್ಲೂ ಎಲ್ಲಾ ಹೇಳಿದೆ. ಹೂಂ ಬಿಟ್ಟ ಇನ್ನೊಂದ ಮಾತ ಬರಲಿಲ್ಲ. ನೀ ಗ್ವಾಡಿಗೆ ಕಥಿ ಹೇಳಲಿಕತ್ತಿ ಅಂತ ನಿಮ್ಮ ಕಾಕಾ ಚ್ಯಾಷ್ಟಿ ಮಾಡತಿದ್ರು. ನಾನೂ ನಕ್ಕ ಬಿಡತಿದ್ದೆ. ಖರೇ ಅಂದ್ರ ನನಗ ಇವತ್ತಿಗೂ ಗೊತ್ತಿಲ್ಲ. ನೀ ಅಲ್ಲೇ ಕೂತಿರತಿದ್ದಿ. ನಿನಗೇನರ ಗ್ವತ್ತದ?"

ಬೇರೆ ಯಾರಾದರೂ ಆಗಿದ್ದರೆ, "ಕೇಳಸ್ತಿತ್ತು ಕಾಕು, ಯಾಕ ಕೇಳಸಂಗಿಲ್ಲ," ಎಂದು ಹೇಳಿ ಎದ್ದುಬರುತ್ತಿದ್ದರು. ನಾನೂ ಹೇಳಬಹುದಿತ್ತು. ಆದರೆ ಟ್ರ್ಯಾಕ್ಟರನ್ನು ಆಕಾಶವಾಹನವೆಂದು ನಂಬಿದ ನೆನಪನ್ನು ಕರೆತಂದು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸುವುದು ಹೇಗೆ? "ಗೊತ್ತಿಲ್ಲ ಕಾಕು," ಎಂದೆ. ಅವಳು, "ಹೋಗ್ಲಿ ಬಿಡು, ಊಟಕ್ಕ ಏಳು," ಎಂದಳು. ಮೆಂತ್ಯದ ಪಲ್ಯ ಬಹಳ ಚೆನ್ನಾಗಿತ್ತು.

ಮರುದಿನ ಆ ಪೇಜಿನಲ್ಲಿ ತಿದ್ದುಪಡಿ ಹಾಕಿದೆ. ನಾನು ಬರೆದ ಕೊನೆಯ ಕಂತು ಪ್ರಸಾರವಾದದ್ದಲ್ಲ, ನನ್ನ ಕಾಕು ನಮ್ಮ ಅಜ್ಜಿಗೆ ಹೇಳಿದ್ದು ಎಂದು. ಕ್ಯಾಸೆಟ್ಟಿನ ಮನುಷ್ಯ ತಾನು ಇನ್ನು ಮುಂದೆ ಇದನ್ನೇ ಕೊನೆಯ ಕಂತೆಂದು ಎಣಿಸುವುದಾಗಿ ಬರೆದ. ಭೋಪಾಲದ ಡಾಕ್ಟರರು, ಆ ಬಾಗಿಲು ಬಡಿದವರು ಯಾರೆಂದು ಇಷ್ಟು ವರ್ಷ ಯೋಚಿಸುತ್ತಿದ್ದೆ, ಈಗ ಶಾಲಿನಿಗೆ ಉತ್ತರ ಬಂತೋ ಇಲ್ಲವೋ ಎಂದು ಯೋಚಿಸುತ್ತೇನೆ ಎಂದರು. ಚೈತ್ರಾ ಓದಿ, "ಸರ್, ನಿಮ್ ಕಾಕು ಪಕ್ಕಾ ರೈಟರ್," ಎಂದಳು. ಅಭಿಪ್ರಾಯಗಳೆಲ್ಲ ಒಂದಕ್ಕಿಂತ ಒಂದು ಮೆಚ್ಚುಗೆಯವು. ಆದರೆ ಕಾಕುವಿಗೆ ಬೇಕಾಗಿದ್ದದ್ದು ಕೇಳುತ್ತಿದ್ದ ಒಬ್ಬಳದೇ ಅಭಿಪ್ರಾಯ, ಆಕೆ ತೀರಿಹೋಗಿ ಎಷ್ಟೋ ಕಾಲವಾಗಿತ್ತು.

ಅಜ್ಜಿ ಪ್ರತಿ ಬೇಸಿಗೆಗೆ ಇಳಕಲ್ಲಿಗೆ, ತನ್ನ ತಂಗಿಯ ಮನೆಗೆ ಹೋಗುತ್ತಿದ್ದಳು. ಕೊನೆಯ ದಿನಗಳನ್ನೂ ಅಲ್ಲೇ ಕಳೆದಳು. ಆ ತಂಗಿಯ ಮಗಳು ಗೌರವ್ವ ಈಗಲೂ ಅಲ್ಲಿದ್ದಾಳೆ. ಫೋನ್ ಮಾಡುವ ಮೊದಲು ಎರಡು ಸಲ ಯೋಚಿಸಿದೆ. ಸಾಕ್ಷಿಗೆ ಉತ್ತರವನ್ನು ನಾವೇ ಹೇಳಿಕೊಡಬಾರದು. ಚಂದ್ರ, ರೇಡಿಯೊ, ಕಾಕು, ಯಾವ ಶಬ್ದವೂ ನನ್ನ ಬಾಯಿಂದ ಬರಬಾರದು.

"ಗೌರವ್ವ, ನಮ್ಮ ಅಜ್ಜಿ ಅಲ್ಲಿ ಬಂದಾಗ ಹೆಂಗ ಇರತಿದ್ದಳು? ಸುಮ್ಮನ ಕೂಡತಿದ್ದಳೇನು?"

"ಸುಮ್ಮನ?" ಗೌರವ್ವ ಜೋರಾಗಿ ನಕ್ಕಳು. "ನಿಮ್ಮಜ್ಜಿ ಬಾಯಿ ಮುಚ್ಚತಿದ್ದಿಲ್ಲೋ ಯಪ್ಪಾ. ಸಂಜೀಕ ಕಟ್ಟಿ ಮ್ಯಾಲೆ ಕುಂತಳಂದ್ರ ಓಣಿ ಹೆಂಗಸರೆಲ್ಲಾ ಕೂಡತಿದ್ರು. ಕಥಿ ಹೇಳತಿದ್ದಳು."

ನಾನು ಕಂಡ ಅಜ್ಜಿಗೂ ಈ ಅಜ್ಜಿಗೂ ಸಂಬಂಧವೇ ಇರಲಿಲ್ಲ. "ಎಂಥಾ ಕಥಿ?"

"ಎಲ್ಲಾ ನಮೂನಿ. ರಾಜಾಂದು, ದೆವ್ವಿಂದು. ಪುಣೆದಾಗ ನಮ್ಮ ಸಣ್ಣ ಸೊಸಿ ಹೇಳಿದ್ದು ಅಂತ ಸುರು ಮಾಡಿದಳಂದ್ರ ಅವು ಬ್ಯಾರೇನ ಇರತಿದ್ದುವು. ಒಂದ ಚಂದ್ರನ ಮ್ಯಾಲಿನ ಕಥಿ ಇತ್ತು. ಅಲ್ಲೊಂದು ನಾಕಾ. ಎಲ್ಲಾರೂ ಟ್ಯಾಕ್ಟರ ಹತ್ತಿ ಹೊಂಟ ಹೋಗತಾರ, ಫೋನಿನಾಕಿ ಒಬ್ಬಾಕಿ ದೀಪಾ ಕಾಯಾಕ ಉಳೀತಾಳ. ದಿನಾ ಸಂಜೀಕ ಫೋನಿನ್ಯಾಗ ಹೇಳತಾಳ, ಪುಂಡಿಪಲ್ಲೆ ಮಾಡೀನಿ, ದೀಪಾ ಹತ್ತೇತಿ, ಕೇಳತೈತೇನು ಅಂತ."

ನಾನು ನಡೆಯುವುದನ್ನು ನಿಲ್ಲಿಸಿ ಬಾಲ್ಕನಿಯ ನೆಲದ ಮೇಲೆ ಕೂತುಬಿಟ್ಟೆ. "ಆಮ್ಯಾಲೆ?"

"ಆಮ್ಯಾಲೇನು? ದೂರದಿಂದ ಒಂದ ದನಿ ಬರತೈತಿ. ಹೂಂ ಅಂತ. ಅಕಿ ದಿನಾ ಹೇಳತಾಳ, ಅದು ದಿನಾ ಹೂಂ ಅಂತೈತಿ. ಅಲ್ಲಿಗೆ ಕಥಿ ಮುಗೀತು."

ಕಾಕುವಿನ ಕಥೆಯಲ್ಲಿ ಉತ್ತರ ಇರಲಿಲ್ಲ. ಅದನ್ನು ಸೇರಿಸಿದವಳು ಅಜ್ಜಿ.

ಕಾಕುವಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆ ಕುಕ್ಕರಿನ ಒಲೆ ಆರಿಸಿದ ಸದ್ದು. ಆಮೇಲೆ ಕಾಕು ಕೇಳಿದಳು. "ನೀ ಅಕಿಗೆ ಮೊದಲ ಹೇಳಿಕೊಟ್ಟಿದ್ದೇನೋ?"

"ಇಲ್ಲ ಕಾಕು. ಒಂದ ಶಬ್ದ ಹೇಳಿಲ್ಲ."

"ಗೌರಿ ಸಣ್ಣಾಕಿದ್ದಾಗಿಂದ ಬಣ್ಣ ಹಚ್ಚಿ ಹೇಳೂ ಪೈಕಿ. ಮಂದೀ ಮನಸ್ಸಿಗೆ ಸಮಾಧಾನ ಆಗೂ ಹಂಗ ಹೇಳತಾಳ. ಇನ್ನೊಬ್ಬರನ್ನ ಕೇಳು."

ಸಂದೇಹ ನಮ್ಮ ಮನೆತನದಲ್ಲಿ ನನ್ನಿಂದ ಶುರುವಾದದ್ದಲ್ಲವೆಂದು ಆಗ ಗೊತ್ತಾಯಿತು. ಗೌರವ್ವನ ಅಣ್ಣ ಸೋಲಾಪುರದಲ್ಲಿದ್ದಾನೆ, ಅಜ್ಜಿ ಅವನಿಗೆ ದೊಡ್ಡವ್ವ. ಅಣ್ಣ ತಂಗಿ ಮಾತು ಬಿಟ್ಟು ಎಷ್ಟೋ ವರ್ಷವಾದ್ದರಿಂದ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟಿರುವ ಭಯವಿರಲಿಲ್ಲ. ಅಜ್ಜಿಯ ಚಂದ್ರನ ಕಥೆ ನೆನಪಿದೆಯೇ ಎಂದು ಅವನಿಗೆ ಕೇಳಿದೆ, ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ಟ್ರ್ಯಾಕ್ಟರು ಅವನಿಗೆ ನೆನಪಿರಲಿಲ್ಲ. ದೀಪ, ಪುಂಡಿಪಲ್ಯ ಎರಡೂ ನೆನಪಿರಲಿಲ್ಲ. ಯಾರೋ ಒಬ್ಬ ಹೆಣ್ಣುಮಗಳು ಒಬ್ಬಳೇ ಕೂತು ಮಾತಾಡುತ್ತಿದ್ದಳು ಎಂದಷ್ಟೇ ಹೇಳಿದ. ಕೊನೆಗೆ ಏನಾಗುತ್ತದೆ ಎಂದು ಕೇಳಿದೆ.

"ಕಡೀಕ ದೂರಿಂದ ಯಾರೋ ಹೂಂ ಅಂತಾರ," ಎಂದ. "ಅಷ್ಟ ನೆನಪೈತಿ ನೋಡು. ಅದನ್ನ ದೊಡ್ಡವ್ವ ಭಾಳ ಸಾವಕಾಶ ಹೇಳತಿದ್ದಳು."